ಅಜ್ಜಾರು ಕೇಳಿದ ಗಂಟು

ಮಲಪ್ರಭೆ ಬಾಗಿ ಹರಿಯುವ ಕಡೆ ಒಂದು ಆಶ್ರಮ. ಅಲ್ಲಿ ಉಣ್ಣಲು ಬಂದವರ ಹೆಸರು ಕೇಳುವುದಿಲ್ಲ.

ಯಾವ ಊರು, ಯಾರ ಮಗ, ಯಾವ ಜನ ಎಂದೂ ಕೇಳುವುದಿಲ್ಲ. ಬಂದವರು ತಮ್ಮ ಗಂಟನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಆಶ್ರಮ ನಡೆಸುವ ಅಜ್ಜಾರ ಬಳಿ ಇಡುತ್ತಾರೆ. ಹೊಳೆಗಿಳಿದು ಮೈ ತೊಳೆಯುತ್ತಾರೆ. ಸಾಲಿನಲ್ಲಿ ಕೂತು ರೊಟ್ಟಿ, ಪಲ್ಯ, ನುಚ್ಚು ಉಣ್ಣುತ್ತಾರೆ. ಹೋಗುವಾಗ ಗಂಟು ಇಸಿದುಕೊಂಡು ಹೋಗುತ್ತಾರೆ.

ದಾನವ್ವ ಆ ಸಾಲಿನಲ್ಲೇ ಬೆಳೆದವಳು. ಎಳೆಯ ವಯಸ್ಸಿನಲ್ಲಿ ಯಾರೋ ಅವಳನ್ನು ಸಾಲಿನ ಕೊನೆಗೆ ಕೂರಿಸಿ ಹೊರಟುಹೋಗಿದ್ದರು. ಹೊಟ್ಟೆ ತುಂಬಾ ಉಂಡು ಎಷ್ಟೋ ದಿನ ಕಳೆದರೂ ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಹೆಸರಿಟ್ಟವರೂ ಅಜ್ಜಾರೇ.

ದೊಡ್ಡವಳಾಗಿ ಅವಳು ತಾಲ್ಲೂಕಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತಳು. ಕಲಿತು ಬಂದವಳಿಗೆ ಅಜ್ಜಾರು ಒಂದು ಕೆಲಸ ಒಪ್ಪಿಸಿದರು.

ಹೊಳೆಯ ಎರಡೂ ದಂಡೆಯ ನೇಕಾರ ಹೆಂಗಸರು ಆಶ್ರಮದ ಆಸರೆಯಲ್ಲಿ ಒಂದು ಸಂಘ ಕಟ್ಟಿದ್ದರು. ಸೀರೆಯ ಅಂಚಿನ ಯಾವ ದಡಿಗೆ ಎಳೆ ಹೇಗೆ ಎತ್ತಬೇಕು, ಯಾವ ಬಣ್ಣಕ್ಕೆ ಯಾವ ಹದ, ಯಾವ ಅಂಗಡಿಯವರು ಯಾವ ದರಕ್ಕೆ ಒಪ್ಪಿದ್ದಾರೆ ಎಂಬುದೆಲ್ಲ ಆ ಮನೆಗಳ ಗುಟ್ಟು. ಮನೆಮನೆಯಲ್ಲಿ ಚದುರಿದ್ದ ಈ ಗುಟ್ಟನ್ನು ದಾನವ್ವ ಒಟ್ಟುಮಾಡಿ ಕ್ಲೌಡಿನಲ್ಲಿ ಇಟ್ಟಳು. ದೂರದ ಕಂಪನಿಗಳ ಯಂತ್ರಗಳಲ್ಲಿ ಇಟ್ಟರೆ ಮಗ್ಗದ ಮುಂದೆ ಕೂತೇ ಫೋನಿನಲ್ಲಿ ನೋಡಬಹುದು. ಒಂದಿಷ್ಟು ಒಂದು ಕಂಪನಿಯಲ್ಲಿತ್ತು, ಇನ್ನೊಂದಿಷ್ಟು ಮತ್ತೊಂದರಲ್ಲಿ. ಆಯಾ ಹೊತ್ತಿಗೆ ಯಾವುದು ಅನುಕೂಲವಾಯಿತೋ ಅಲ್ಲಿ.

ದೀಪಾವಳಿ ಹತ್ತಿರ ಬಂದಾಗ ಸಂಘದ ಹಿರಿಯಳು ದ್ಯಾಮವ್ವ ಆಶ್ರಮಕ್ಕೆ ಬಂದಳು. ಕೈಯಲ್ಲೊಂದು ಅಗ್ಗದ ಸೀರೆ.

ಪಟ್ಟಣದ ಬಜಾರಿನಲ್ಲಿ ಕೊಂಡದ್ದಂತೆ. ದಾನವ್ವ ಅದನ್ನು ಬಿಚ್ಚಿ ನೋಡಿ ಹಾಗೇ ಕೂತುಬಿಟ್ಟಳು. ದಡಿಯಲ್ಲಿ ಸಂಘದ ಹೊಸ ಚಿತ್ರ. ಮಗ್ಗದಿಂದ ಇನ್ನೂ ಇಳಿಯದ ಸೀರೆ, ಪವರ್‌ಲೂಮಿನಲ್ಲಿ ನೇಯಿಸಿಕೊಂಡು ಅಂಗಡಿಯಲ್ಲಿ ಜೋತುಬಿದ್ದಿತ್ತು.

ಮಾರುತ್ತಿದ್ದವನು ಸೀರೆ ವ್ಯಾಪಾರದ ಏಜಂಟ ವಿರೂಪಣ್ಣ. ದ್ಯಾಮವ್ವ ಅವನನ್ನು ಅಲ್ಲೇ ಹಿಡಿದು, ಎಲ್ಲಿಂದ ಕದ್ದೆ ಎಂದು ಕೇಳಿದ್ದಳು. ಅವನು ನಕ್ಕಿದ್ದ.

“ಏನಂದ?” ದಾನವ್ವ ಕೇಳಿದಳು.

“ನಾ ಕದ್ದಿಲ್ಲಬೇ ಯವ್ವಾ, ನಿಮ್ಮ ಆಶ್ರಮದಾಗ ಹೆಸರು ಕೇಳೂದಿಲ್ಲಲ್ಲ ಅಂದ.”

ಇಬ್ಬರಿಗೂ ಆ ಮಾತು ಅರ್ಥವಾಗಲಿಲ್ಲ. ಕೊಬ್ಬಿನ ಮಾತು ಎಂದುಕೊಂಡರು.

ದ್ಯಾಮವ್ವ ಸೀರೆ ಮಡಚಿದಳು. ಹುಣ್ಣಿಮೆಗೆ ಸಂಘ ಕೂಡುತ್ತದೆ, ಅವತ್ತು ಪ್ರತಿಯೊಬ್ಬಳೂ ತನ್ನದನ್ನು ತಾನು ವಾಪಸ್ಸು ಒಯ್ಯುತ್ತಾಳೆ ಎಂದಳು. ಒಬ್ಬೊಬ್ಬರೇ ಮಾರಲು ಹೊರಟರೆ ದೊಡ್ಡ ಅಂಗಡಿಯವರು ಬಾಗಿಲು ತೆಗೆಯುವುದಿಲ್ಲ, ಸಂಘ ಮುರಿದುಬೀಳುತ್ತದೆ, ಅದೂ ಗೊತ್ತು ಎಂದಳು. ವಿರೂಪಣ್ಣ ಆಗಲೇ ಮನೆಮನೆ ತಿರುಗುತ್ತಿದ್ದ. ಸಂಘ ಒಡೆದ ದಿನವೇ ಚಿತ್ರಗಳನ್ನು ಬಿಡಿಬಿಡಿಯಾಗಿ ಕೊಂಡುಬಿಡಬೇಕೆಂಬುದು ಅವನ ಲೆಕ್ಕಾಚಾರ.

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು.

“ನಮ್ಮತ್ತಿ ದಡಿ ಒಂದೈತಿ. ಆಕಿ ಸತ್ತ ಮ್ಯಾಲ ಯಾರಿಗೂ ತೋರಿಸಿಲ್ಲ. ಈ ಸಲ ನಿನ್ನ ಕೈಯಾಗ ಕೊಡಬೇಕಂತ ಮಾಡಿದ್ದೆ.”

“ಈಗ?”

“ಈಗ ಒಲ್ಲೆ.”

ದಾನವ್ವ ನೆಟ್ಟಗೆ ಅಜ್ಜಾರ ಬಳಿ ಹೋದಳು. ಹುಣ್ಣಿಮೆಯೊಳಗೆ ಇದನ್ನು ಸರಿಮಾಡದೆ ಬಿಡುವುದಿಲ್ಲ ಎಂದಳು.

ಅಜ್ಜಾರು ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಅವರ ಸಾಮಾನು ಎಲ್ಲಿಟ್ಟಿ?”

“ಕ್ಲೌಡಿನಾಗ್ರೀ ಅಜ್ಜಾರ.”

“ಅಂದ್ರ?”

“ಮೋಡ ಅಂತಾರ್ರೀ.”

ಅಜ್ಜಾರು ತಲೆಯೆತ್ತಿ ಆಕಾಶ ನೋಡಿದರು.

“ಆ ಮೋಡ ಯಾರ ಹೊಲದ ಮ್ಯಾಲ ನಿಂತೈತಿ?”

ದಾನವ್ವ ಫೋನು ಕೈಗೆತ್ತಿಕೊಂಡಳು. ಎಲ್ಲಕ್ಕೂ ಬಿಗಿಯಾದ ಕೀಲಿ ಹಾಕಿ ಬರುತ್ತೇನೆ ಎಂದಳು.

“ಹಾಕವಾ,” ಎಂದರು ಅಜ್ಜಾರು.

ಅವಳು ಊಟ ತಿಂಡಿಯ ಪರಿವೆಯಿಲ್ಲದೆ ಕೂತಳು. ಹಳೆಯ ಪಾಸ್‌ವರ್ಡ್ ತೆಗೆದು ಉದ್ದನೆಯದನ್ನು ಹಾಕಿದಳು. ಸಂಘದ ಖಾತೆ ತೆರೆಯಬೇಕಾದರೆ ಅವಳ ಫೋನಿಗೆ ಓಟಿಪಿ ಬರಬೇಕು, ಹಾಗೆ ಮಾಡಿದಳು. ಮುಗಿಸಿ ಬಂದು, ಇನ್ನು ಗಾಳಿಯೂ ಒಳಗೆ ನುಸುಳುವುದಿಲ್ಲ ಎಂದು ಅಜ್ಜಾರಿಗೆ ಹೇಳಿದಳು.

ಅಜ್ಜಾರು ಉಗ್ರಾಣದಿಂದ ಒಂದು ದೊಡ್ಡ ಕಬ್ಬಿಣದ ಕೀಲಿ ತರಿಸಿದರು.

“ಇವತ್ತು ನಮ್ಮ ಹೆಬ್ಬಾಗಿಲಿಗೂ ಒಂದು ಹಾಕಿಬಿಡು. ಕೀಲಿಕೈ ನಿನ್ನ ಹತ್ರನ ಇರಲಿ. ಯಾರು ಬರತಾರ ನೋಡು.”

ಆಶ್ರಮದ ಹೆಬ್ಬಾಗಿಲು ಮುಚ್ಚಿದ್ದನ್ನು ದಾನವ್ವ ಕಂಡೇ ಇರಲಿಲ್ಲ. ಅದು ಕಿರ್ರೆಂದು ಮುನಿಸಿಕೊಂಡೇ ಮುಚ್ಚಿಕೊಂಡಿತು. ಅವಳು ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ನಿಂತಳು. ಒಬ್ಬರೂ ಬರಲಿಲ್ಲ. ಒಳ್ಳೆಯದಾಯಿತು ಎಂದುಕೊಂಡಳು.

ಊಟದ ಗಂಟೆ ಬಾರಿಸಿತು. ತಿರುಗಿ ನೋಡಿದರೆ ಸಾಲು ತುಂಬಿತ್ತು.

ಹಾಲು ಮಾರುವ ನಿಂಗವ್ವ ದನದ ಕೊಟ್ಟಿಗೆಯ ಹಿಂದಿನಿಂದ ಬಂದಿದ್ದಳು. ಸೌದೆಯವರು ತಮಗೆಂದೇ ಎಂದೋ ಕಲ್ಲು ಸರಿಸಿಕೊಂಡಿದ್ದ ಗೋಡೆಯ ಸಂದಿನಿಂದ ಬಂದಿದ್ದರು. ಹೊಳೆಯ ಕಡೆಯ ಮೆಟ್ಟಿಲಿಗೆ ಬಾಗಿಲೇ ಇರಲಿಲ್ಲ. ಒಬ್ಬ ಮುದುಕ ದಾಸವಾಳದ ಗಿಡದ ಮಗ್ಗುಲಿನ ಬಿದ್ದ ಗೋಡೆ ದಾಟಿ ಬಂದು ಪಂಚೆಯ ಮುಳ್ಳು ಕೀಳುತ್ತಿದ್ದ.

“ಬಾಗಲಿಗೆ ಕೀಲಿ ಹಾಕೀನಿ, ನೀವು ಹ್ಯಾಂಗ ಬಂದ್ರಿ?” ದಾನವ್ವ ಕೇಳಿದಳು.

ಮುದುಕ ಅವಳನ್ನು ಕನಿಕರದಿಂದ ನೋಡಿದ.

“ಯಾವ ಬಾಗಲಿಗೆ ಹಾಕೀದಿ ತಂಗಿ?”

ಸಾಲಿಗೆ ಸಾಲೇ ನಕ್ಕಿತು. ಅಜ್ಜಾರು ನಗಲಿಲ್ಲ. ಹೆಬ್ಬಾಗಿಲ ಬಳಿ ಹೋಗಿ ಕೀಲಿಯನ್ನು ಕೈಯಲ್ಲಿ ತೂಗಿ ನೋಡಿದರು.

“ಕೀಲಿ ಚಲೋ ಐತಿ,” ಎಂದರು.

ದಾನವ್ವ ಅವತ್ತಿನಿಂದ ಕೀಲಿಯ ಮಾತು ಬಿಟ್ಟು ಬಾಗಿಲು ಹುಡುಕತೊಡಗಿದಳು.

ಸಂಘದ ಒಂದೊಂದು ಚಿತ್ರವೂ ಎಲ್ಲೆಲ್ಲಿದೆ ಎಂದು ನೋಡುತ್ತ ಹೋದಳು. ತಾನು ಇಟ್ಟ ಕಡೆ ಇತ್ತು, ಇಟ್ಟೆನೆಂಬುದನ್ನೇ ಮರೆತ ಕಡೆಯೂ ಇತ್ತು. ಫೋಟೊ ತೆಗೆದವರಿಗೆಂದು ಕೊಟ್ಟ ನಕಲು ಅವರ ಬಳಿಯೇ ಉಳಿದಿತ್ತು. ಒಂದು ಕಾಲಕ್ಕೆ ಬಣ್ಣ ಪೂರೈಸುತ್ತಿದ್ದವರು ಈಗಲೂ ಬಣ್ಣದ ಹದ ತೆರೆದು ನೋಡಬಹುದಿತ್ತು. ಸಂಘದ ಲೆಕ್ಕ ನೋಡುತ್ತಿದ್ದ ರುದ್ರಯ್ಯ ತೀರಿಕೊಂಡು ವರ್ಷವಾಗಿತ್ತು, ಅವನ ಪಾಸ್‌ವರ್ಡ್ ಇನ್ನೂ ಬದುಕಿತ್ತು. ದಾನವ್ವ ಅದನ್ನು ಒತ್ತಿ ನೋಡಿದಳು. ಸತ್ತವನ ಹೆಸರಿನಲ್ಲಿ ಒಂದು ಕಂಪನಿಯಲ್ಲಿದ್ದ ಸಂಘದ ಸಾಮಾನೆಲ್ಲ ತೆರೆದುಕೊಂಡಿತು.

ಕಟ್ಟಕಡೆಗೆ ಅವಳಿಗೆ ಆ ಫೋಲ್ಡರ್ ಸಿಕ್ಕಿತು.

ಹಿಂದಿನ ವರ್ಷ ಸೀರೆಗಳ ಪ್ರದರ್ಶನಕ್ಕೆಂದು ಮಾಡಿದ್ದು. ಬಂದ ಅಂಗಡಿಯವರು ಚಿತ್ರಗಳನ್ನು ನೋಡಲಿ ಎಂದು ಲಿಂಕ್ ಕಳಿಸಿದ್ದಳು. ಯಾರು ಯಾರು ನೋಡಬಹುದು, ಅವರ ಹೆಸರು ಕೊಡು ಎಂದು ಕಂಪ್ಯೂಟರ್ ಕೇಳಿತ್ತು. ಮನೆಗೆ ಬಂದವರ ಹೆಸರು ಕೇಳಲು ಅವಳಿಗೆ ನಾಚಿಕೆಯಾಗಿತ್ತು. ಲಿಂಕ್ ಇದ್ದ ಯಾರು ಬೇಕಾದರೂ ನೋಡಲಿ ಎಂದು ಒತ್ತಿದ್ದಳು. ಪ್ರದರ್ಶನ ಮುಗಿಯಿತು. ಫೋಲ್ಡರ್ ತೆರೆದದ್ದು ತೆರೆದೇ ಇತ್ತು. ಅದು ತೆರೆದಿದೆ ಎಂಬುದನ್ನು ಮರೆತು ಹೊಸ ದಡಿಗಳನ್ನೂ ಅದರೊಳಕ್ಕೇ ಹಾಕುತ್ತ ಬಂದಿದ್ದಳು.

ವಿರೂಪಣ್ಣ ಸುಳ್ಳು ಹೇಳಿರಲಿಲ್ಲ. ಲಿಂಕ್ ಕೈಯಿಂದ ಕೈಗೆ ದಾಟಿ ಅವನಿಗೂ ಸಿಕ್ಕಿತ್ತು, ಅಲ್ಲಿ ಯಾರೂ ಅವನ ಹೆಸರು ಕೇಳಿರಲಿಲ್ಲ.

ದಾನವ್ವ ಮೊದಲು ಅದನ್ನು ಮುಚ್ಚಿದಳು. ಆಮೇಲೆ ಎದ್ದು ಕಟ್ಟೆಗೆ ಬಂದಳು. ಮುಖ ಕೆಂಪಗಾಗಿತ್ತು. ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

“ತಪ್ಪು ನಂದು ಖರೆ. ಆದ್ರ ಅಜ್ಜಾರ, ಹೆಸರು ಕೇಳಬಾರದು ಅಂತ ಕಲಿಸಿದವರು ನೀವು. ಅದು ತಪ್ಪೋ, ನಾ ಮಾಡಿದ್ದು ತಪ್ಪೋ? ಎರಡರಾಗ ಒಂದು ಹೇಳ್ರಿ.”

ಕಟ್ಟೆಯ ಮೇಲೆ ಅವತ್ತು ಬಂದವರ ಗಂಟುಗಳಿದ್ದವು. ಅಜ್ಜಾರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

“ನಾ ಹೊಳಿಗೆ ಹೋಗಿಬರ್ತೀನಿ. ಅಲ್ಲಿತನಕ ಇಲ್ಲಿ ಕೂಡು.”

ಅವಳು ಕೂತಳು. ಉತ್ತರ ಸಿಗಲಿಲ್ಲವೆಂಬ ಸಿಟ್ಟು ಒಳಗೆ ಕುದಿಯುತ್ತಿತ್ತು.

ಅಜ್ಜಾರು ಒದ್ದೆ ತಲೆಯಲ್ಲೇ ಬಂದರು. ಕಟ್ಟೆ ಹತ್ತಲಿಲ್ಲ. ಕೆಳಗೆ ನಿಂತು ಕೈ ಚಾಚಿದರು.

“ಆ ಕೆಂಪು ಗಂಟು ಕೊಡು.”

ದಾನವ್ವ ಎದ್ದು ನಿಂತು ಎರಡೂ ಕೈಯಿಂದ ಕೊಟ್ಟಳು. ಅಜ್ಜಾರು ಅದನ್ನು ಹೆಗಲಿಗೇರಿಸಿ ಹೆಬ್ಬಾಗಿಲ ಕಡೆ ನಡೆದರು.

ಹೊಳೆಯಿಂದ ಮೇಲೆ ಬರುತ್ತಿದ್ದ ಒಬ್ಬ ಮುದುಕಿ ಅಲ್ಲೇ ನಿಂತಳು.

“ನನ್ನ ಗಂಟು ಎಲ್ಲಿಗೆ ಒಯ್ಯಾಕತ್ತೀರಿ?”

ಅಜ್ಜಾರು ತಿರುಗಿದರು.

“ದಾನವ್ವ ಕೊಟ್ಟಳು.”

ಮುದುಕಿ ದಾಪುಗಾಲು ಹಾಕಿ ಕಟ್ಟೆಗೆ ಬಂದಳು. ನೀರು ಇನ್ನೂ ಸೀರೆಯಿಂದ ತೊಟ್ಟಿಕ್ಕುತ್ತಿತ್ತು.

“ಅದು ಯಾರದು ಅಂತ ಗೊತ್ತಿತ್ತೇನ ನಿನಗ?”

“ಇಲ್ಲಬೇ.”

“ಅದರಾಗ ಏನೈತಿ ಅಂತ ಗೊತ್ತೈತೇನ?”

“ಇಲ್ಲ.”

“ಮತ್ತ ಹ್ಯಾಂಗ ಕೊಟ್ಟಿ?”

“ಅಜ್ಜಾರು ಕೇಳಿದ್ರು...”

ಅಜ್ಜಾರು ತಾವೇ ಬಂದು ಗಂಟನ್ನು ಮುದುಕಿಯ ಕೈಗಿಟ್ಟು, ತಪ್ಪಾಯಿತೆಂದು ತಲೆಬಾಗಿದರು. ಅವಳು ಅದನ್ನು ಹೊಟ್ಟೆಗೆ ಒತ್ತಿಕೊಂಡು ಊಟಕ್ಕೂ ನಿಲ್ಲದೆ ಹೋಗಿಬಿಟ್ಟಳು. ಒಳಗೇನಿತ್ತೋ ಯಾರಿಗೂ ತಿಳಿಯಲಿಲ್ಲ.

ದಾನವ್ವ ನೆಲ ನೋಡುತ್ತ ನಿಂತಿದ್ದಳು.

“ಅಜ್ಜ ಕೇಳಿದ,” ಎಂದರು ಅಜ್ಜಾರು. “ಅದು ಅಜ್ಜಂದಾಗಿತ್ತೇನ?”

ಆ ದಿನ ದಾನವ್ವ ಕಟ್ಟೆ ಬಿಟ್ಟು ಕದಲಲಿಲ್ಲ. ಉಂಡವರು ಗಂಟು ಕೇಳಲು ಬರುತ್ತಿದ್ದರು. ಅಜ್ಜಾರು ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಒಳಗೇನಿದೆ, ಹೇಳು ಎನ್ನುತ್ತಿದ್ದರು. ಅವರು ಕಿವಿಯಲ್ಲಿ ಹೇಳುತ್ತಿದ್ದರು, ಅಜ್ಜಾರೆದುರು ಬಿಚ್ಚಿ ತೋರಿಸುತ್ತಿದ್ದರು, ಆಮೇಲೆ ಒಯ್ಯುತ್ತಿದ್ದರು. ಬುದ್ಧಿ ಬಂದಾಗಿನಿಂದ ಕಣ್ಣೆದುರೇ ನಡೆದದ್ದು. ಅವಳ ಕಣ್ಣು ಯಾವಾಗಲೂ ಊಟದ ಸಾಲಿನ ಮೇಲಿತ್ತು, ಕಟ್ಟೆಯ ಮೇಲಿರಲಿಲ್ಲ.

ಮರುದಿನದಿಂದ ಅವಳು ಮಗ್ಗದ ಮನೆಗಳಿಗೆ ನಡೆದಳು. ಹುಣ್ಣಿಮೆ ಮುಂದೆಯೇ ಇತ್ತು, ಮನೆಗಳು ಹೊಳೆಯಾಚೆಗೂ ಇದ್ದವು. ಅಂಗಾಲು ಒಡೆದರೂ ನಿಲ್ಲಲಿಲ್ಲ. ಪ್ರತಿ ಹೆಂಗಸಿನ ಮುಂದೆಯೂ ಕೂತು, ನನ್ನ ಹತ್ತಿರ ಇರುವುದರಲ್ಲಿ ನಿನ್ನದು ಯಾವುದು, ಅದನ್ನು ಯಾರು ನೋಡಬೇಕು, ಎಲ್ಲಿಯವರೆಗೆ ನೋಡಬೇಕು ಎಂದು ಕೇಳಿದಳು. ಹಿಂದೆ ಯಾರೂ ಅದನ್ನು ಕೇಳಿರಲಿಲ್ಲ.

“ಅಂತೂ ಮೋಡ ನಡಕೋತ ನಮ್ಮ ಮನಿಗೆ ಬಂತು ನೋಡು,” ಎಂದು ಒಬ್ಬಳು ಕಾಲಿಳಿಬಿಟ್ಟು ಕೂತ ಮಗ್ಗದ ಕುಣಿಯೊಳಗಿನಿಂದಲೇ ಕೆಣಕಿದಳು.

ಆಶ್ರಮಕ್ಕೆ ಮರಳಿ ದಾನವ್ವ ಅವರು ಹೇಳಿದಂತೆ ಮಾಡಿದಳು. ಬೇಡದ ಕಡೆಯ ನಕಲುಗಳನ್ನು ಅಳಿಸಿದಳು, ತಾನು ಅಳಿಸಲಾಗದ್ದನ್ನು ಇಟ್ಟುಕೊಂಡವರ ಬೆನ್ನುಹತ್ತಿ ಅವರಿಂದಲೇ ತೆಗೆಸಿದಳು. ಕೊಟ್ಟು ಮರೆತ ಅನುಮತಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಳು. ರುದ್ರಯ್ಯನ ಹೆಸರನ್ನು ಒಂದು ಸಲ ಕೈಮುಗಿದು ತೆಗೆದಳು. ಬಣ್ಣದವರಿಗೆ ಬಣ್ಣ ಮಾತ್ರ, ಅಂಗಡಿಯವರಿಗೆ ಅವರ ದರ ಮಾತ್ರ. ಯಾರು ಯಾವಾಗ ಏನು ತೆರೆದರು ಎಂಬುದು ಆ ಸಾಮಾನಿನ ಒಡತಿಗೆ ಫೋನಿನಲ್ಲಿ ತಿಳಿಯುವಂತೆ ಮಾಡಿದಳು.

ಕೊನೆಗೆ ಉಳಿದದ್ದು ಅವಳದೇ ಕೀಲಿಕೈ. ಯಾವುದನ್ನು ಬೇಕಾದರೂ ತೆರೆಯಬಲ್ಲ ಕೈ. ಒಡತಿ ಒಪ್ಪಿದರಷ್ಟೇ ತೆರೆಯುವಂತೆ ತನ್ನನ್ನೂ ಕಟ್ಟಿಕೊಂಡಳು.

ದ್ಯಾಮವ್ವನ ಮನೆಗೆ ಕೊನೆಯಲ್ಲಿ ಹೋದಳು. ಬಾಗಿಲು ತೆರೆದಿಟ್ಟವಳು ನಾನೇ ಎಂದಳು.

ದ್ಯಾಮವ್ವ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ.

“ನನಗೊಬ್ಬಾಕಿಗೆ ಯಾಕ ಹೇಳ್ತಿ? ಹುಣ್ಣಿಮಿ ದಿನ ಎಲ್ಲಾರ ಮುಂದ ಹೇಳು.”

ಹುಣ್ಣಿಮೆಯ ದಿನ ಬೆಳಿಗ್ಗೆಯೇ ಹೆಂಗಸರು ಹೊಳೆಯ ಮೆಟ್ಟಿಲ ಮೇಲೆ ಕೂಡಿದರು. ವಿರೂಪಣ್ಣನೂ ಬಂದಿದ್ದ. ಬೇವಿನ ಗಿಡದ ಕೆಳಗೆ ಜೀಪು ನಿಲ್ಲಿಸಿ, ತನ್ನನ್ನು ಕರೆಯುವ ಹೊತ್ತಿಗಾಗಿ ಕಾಯುತ್ತ ಎಲೆ ಅಡಿಕೆ ಜಗಿಯುತ್ತಿದ್ದ. ಅವನನ್ನು ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ದಾನವ್ವ ನಿಂತು ಆದದ್ದನ್ನು ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ. ಹೋದ ದಡಿ ಇನ್ನು ವಾಪಸ್ಸು ಬರುವುದಿಲ್ಲ ಎಂದಳು. ಉಳಿದದ್ದಕ್ಕೆ ತಾನು ಮಾಡಿದ್ದನ್ನು ತಿಳಿಸಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ ಎಂದಳು ಒಬ್ಬಳು. ನಾಳೆ ಯಾರೋ ದೊಡ್ಡವರು ಬಂದು ಕೇಳಿದರೆ ತೆಗೆದು ಕೊಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದಳು ಇನ್ನೊಬ್ಬಳು.

ಅಜ್ಜಾರು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಅಲ್ಲಿಂದಲೇ ಕರೆದರು.

“ದಾನವ್ವಾ, ದ್ಯಾಮವ್ವನ ಹೊಸ ಸೆರಗಿನ ಬಣ್ಣದ ಹದ ಐತೆಲ್ಲ. ಅದನ್ನ ನನಗೊಂದೀಟು ತೋರಿಸು.”

ಮೆಟ್ಟಿಲುಗಳ ಮೇಲೆ ಪಿಸುಮಾತು ನಿಂತಿತು. ಆ ಆಶ್ರಮದಲ್ಲಿ ಅಜ್ಜಾರು ಕೇಳಿದ್ದಕ್ಕೆ ಇಲ್ಲ ಎಂದವರನ್ನು ಯಾರೂ ಕಂಡಿರಲಿಲ್ಲ. ದಾನವ್ವನಿಗೆ ಅನ್ನ ಇಟ್ಟವರು, ಹೆಸರಿಟ್ಟವರು ಅವರೇ. ದಾನವ್ವನ ಕೈಯಲ್ಲಿ ಫೋನಿತ್ತು.

“ಆಗೂದಿಲ್ಲ್ರೀ ಅಜ್ಜಾರ.”

“ನಾ ಕೇಳಾಕತ್ತೀನಿ.”

“ನೀವು ಕೇಳಿದ್ರೂ ಆಗೂದಿಲ್ಲ್ರೀ. ಅದು ನಿಮ್ಮದಲ್ಲ, ನಂದೂ ಅಲ್ಲ. ದ್ಯಾಮವ್ವ ಇಲ್ಲೇ ಕೂತಾಳ. ಆಕಿನ್ನ ಕೇಳ್ರಿ.”

ಅಜ್ಜಾರು ದ್ಯಾಮವ್ವನ ಕಡೆ ತಿರುಗಿದರು.

“ತೋರಸ್ತಿಯೇನವಾ?”

“ಒಲ್ಲೆರೀ ಅಜ್ಜಾರ,” ಎಂದಳು ದ್ಯಾಮವ್ವ.

“ಆತು ಬಿಡು,” ಎಂದರು ಅಜ್ಜಾರು. ಮೈ ತುಂಬ ನಗು ಬಂದವರಂತೆ ಹೆಗಲು ಅಲುಗಿತು.

ದ್ಯಾಮವ್ವ ಎದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಒಂದು ಸಣ್ಣ ಬಟ್ಟೆಯ ಸುರುಳಿ ತೆಗೆದಳು. ಬಣ್ಣ ಮಾಸಿದ ಹಳೆಯ ದಡಿ, ಅವಳ ಅತ್ತೆಯದು. ಯಾರಿಗೂ ಕಾಣದಂತೆ ಅಂಗೈಯಲ್ಲಿ ಮುಚ್ಚಿ ದಾನವ್ವನ ಕೈಗೆ ಕೊಟ್ಟಳು.

“ಇದನ್ನ ಇಡು. ನಾ ಕೇಳಿದ್ರ ಅಷ್ಟ ಕೊಡು. ಕೇಳಿದಾಕಿ ನಾನ ಹೌದೋ ಅಲ್ಲೋ ಅಂತ ಹ್ಯಾಂಗ ತಿಳೀತೈತಿ, ಅದನ್ನ ನಾ ನೀ ಇಬ್ಬರ ಕುಂತು ಮಾತಾಡೂಣು.”

ಅವತ್ತು ಯಾರೂ ತಮ್ಮದನ್ನು ವಾಪಸ್ಸು ಒಯ್ಯಲಿಲ್ಲ. ಒಬ್ಬಳು ಮಾತ್ರ, ಮುಂದಿನ ಹುಣ್ಣಿಮೆಗೂ ಹೀಗೇ ಕೂತು ಕೇಳುತ್ತೇವೆ, ಆಗಲೂ ಹೇಳಬೇಕು ಎಂದಳು. ಪ್ರತಿ ಹುಣ್ಣಿಮೆಗೂ ಹೇಳುತ್ತೇನೆ ಎಂದಳು ದಾನವ್ವ.

ಊಟದ ಗಂಟೆ ಬಾರಿಸಿತು.

ಎಲ್ಲರೂ ಸಾಲಾಗಿ ಕೂತರು. ದಾನವ್ವ ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಬಡಿಸುತ್ತ ಬಡಿಸುತ್ತ ಸಾಲಿನ ಕೊನೆಗೆ ಬಂದಳು. ಅಲ್ಲಿ ವಿರೂಪಣ್ಣ ಕೂತಿದ್ದ. ಪಟ್ಟಣ ದೂರ, ಬಿಸಿಲು ಏರಿತ್ತು, ಹೊಟ್ಟೆ ಹಸಿದಿತ್ತು. ಕೂರಲೋ ಏಳಲೋ ಎಂಬಂತೆ ಒಂದು ಮೊಣಕಾಲು ಮೇಲಿಟ್ಟುಕೊಂಡು ಕೂತಿದ್ದ.

ದಾನವ್ವನ ಕೈ ಬುಟ್ಟಿಯೊಳಗೇ ನಿಂತಿತು. ಇಡೀ ಸಾಲು ಉಣ್ಣುವುದು ಬಿಟ್ಟು ಅವಳನ್ನೇ ನೋಡಿತು.

“ನಿಮ್ಮ ಹೆಸರೇನ್ರೀ?” ಎಂದಳು ದಾನವ್ವ.

ವಿರೂಪಣ್ಣ ತಲೆ ತಗ್ಗಿಸಿ ಏಳಲು ನೆಲಕ್ಕೆ ಕೈಯೂರಿದ.

ಹಿಂದಿನಿಂದ ಅಜ್ಜಾರ ಧ್ವನಿ ಬಂತು.

“ಅನ್ನ ನಮ್ಮದು, ದಾನವ್ವಾ. ಬಡಸು.”